ಕಳ್ಳರ ಭಾನುವಾರದ ಗುಲಾಬಿ

ನೀವು ನಂಬಲ್ಲ ಅಂತ ನನಗೆ ಗೊತ್ತು. ನಂಬಬೇಡಿ. ಬೇಕಾದರೆ ಮಲವಗೊಪ್ಪದ ಹತ್ತಿರ ಇರುವ ನಮ್ಮ ಬಡಾವಣೆಗೆ ಬನ್ನಿ, ಯಾವ ಮನೆಯ ಗೇಟನ್ನಾದರೂ ತಟ್ಟಿ, "ಇಲ್ಲಿ ವರ್ಷಕ್ಕೊಂದು ದಿನ ರಿಟೈರ್ಡ್ ಟೀಚರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಎಲ್ಲ ಸೇರಿ ಒಬ್ಬರ ಮನೆ ಒಬ್ಬರು ದೋಚುತ್ತಿದ್ದರಂತೆ, ಹೌದಾ?" ಅಂತ ಕೇಳಿ. ಇಲ್ಲ ಅಂದರೆ ನನ್ನ ಮೀಸೆ ಬೋಳಿಸಿ. ಕುಂಸಿ ಕಡೆಯ ಹಳ್ಳಿಯವನ ಮೀಸೆ ಅದು, ಸುಮ್ಮಸುಮ್ಮನೆ ಪಣಕ್ಕಿಡುವ ವಸ್ತು ಅಲ್ಲ.

ಇಂಥವು ನಮ್ಮ ತೋಟದ ಸಂಘದಲ್ಲಿ ನಡೆಯುತ್ತಲೇ ಇದ್ದವು. ಒಂದು ಮುಗೀತು, ನಕ್ಕಿದ್ದು ಸಾಕು ಅಂತ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಇನ್ನೊಂದು. ಈಗ ನಡೆಯಲ್ಲ. ಸಂಘವೇ ಇಲ್ಲ. ಅದಕ್ಕೇ ಬರೆದಿಡ್ತಿದೀನಿ.

ನಾನು ಯಾರು ಅಂತ ಮೊದಲೇ ಹೇಳಿಬಿಡ್ತೀನಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವವನು. ಮಣ್ಣಿನ ಮೇಲೆ ಸಿಮೆಂಟಿನ ಕಲ್ಲು ಜೋಡಿಸಿ, ಹುಲ್ಲುಕಡ್ಡಿಯೂ ತಲೆ ಎತ್ತದ ಹಾಗೆ ಮಾಡುವುದೇ ನನ್ನ ಕಸುಬು. ಹೊಸಮನೆಯಲ್ಲಿ ಆಫೀಸಿದೆ. ಆಫೀಸೆಂದರೆ ಒಂದು ಟೇಬಲ್ಲು, ಎರಡು ಕುರ್ಚಿ, ಕೂಲಿಂಗ್ ಗ್ಲಾಸ್ ಹಾಕಿದ ನನ್ನ ಫೋಟೋ ಇರುವ ಬೋರ್ಡು. ಶಿವಮೊಗ್ಗ, ಭದ್ರಾವತಿ ಎರಡು ಕಡೆಯೂ ನನ್ನ ಕಲ್ಲಿನ ಮೇಲೆ ಕಾರು ನಿಲ್ಲಿಸದ ದೊಡ್ಡ ಮನುಷ್ಯರು ಕಮ್ಮಿ. ಅಂಥ ನಾನು ಹೂವಿನ ಸಂಘದ ಮೆಂಬರ್ ಆಗಿದ್ದೆ. ಅದನ್ನೂ ನಂಬಬೇಡಿ.

ಬಸ್ಸಿನಲ್ಲಿ ಹುಟ್ಟಿದ ಸಂಘ

ಇದು ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ವಾರ್ಷಿಕ ಸಭೆಯಲ್ಲಿ ಕೇಳಿ ಕೇಳಿ ಈಗ ನಾನೂ ಆ ಬಸ್ಸಿನಲ್ಲಿ ಇದ್ದೆನೇನೋ ಅನ್ನಿಸುತ್ತೆ.

ನಮ್ಮ ಅಧ್ಯಕ್ಷೆ ಭದ್ರಾವತಿಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರು. ಎಲ್ಲರೂ ಮೇಡಂ ಅಂತಲೇ ಕರೆಯೋದು. ಅವರ ಯಜಮಾನರು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಕೆಲಸ ಮಾಡಿದವರು. ಹಗಲೆಲ್ಲ ಕರಗಿದ ಕಬ್ಬಿಣ ನೋಡಿ ಬಂದು, ಸಂಜೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಕೂತು ಗುಲಾಬಿಗೆ ಕಸಿ ಕಟ್ಟುತ್ತಿದ್ದರಂತೆ. ಅವರು ಕಟ್ಟಿದ ಒಂದು ಗಿಡ ಮಾತ್ರ ಬೇರೆಯೇ. ಕುಲುಮೆಯ ಬಾಗಿಲು ತೆಗೆದಾಗ ಒಳಗೆ ಕಾಣುವ ಕೆಂಪೇ ಅದರ ಹೂವಿಗೆ. ಯಜಮಾನರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಡುವ ದಿನ ಬಂತು. ಮೇಡಂ ಪಾತ್ರೆಪಗಡ, ಬೀರು, ಮಂಚ ಎಲ್ಲವನ್ನೂ ಲಾರಿಗೆ ಹಾಕಿಸಿದರು. ಆ ಗುಲಾಬಿಯನ್ನು ಮಾತ್ರ ಲಾರಿಯವನ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಬೇರಿನ ಮಣ್ಣು ಸಮೇತ ಗೋಣಿಚೀಲದಲ್ಲಿ ಕಟ್ಟಿಕೊಂಡು ಶಿವಮೊಗ್ಗ ಬಸ್ಸು ಹತ್ತಿದರು. ಕಿಟಕಿ ಪಕ್ಕ ಗಿಡ, ಅದರ ಪಕ್ಕ ಮೇಡಂ.

ಕಂಡಕ್ಟರ್ ಬಂದ. "ಎರಡು ಟಿಕೆಟ್ ಅಮ್ಮಾ."

"ಒಬ್ಬಳೇ ಕಣಪ್ಪ. ಇದು ಗಿಡ."

"ನಿಂತ್ಕೊಂಡು ಬಂದ್ರೆ ಲಗೇಜು. ಸೀಟಲ್ಲಿ ಕೂತ್ಕೊಂಡು ಬಂದ್ರೆ ಪ್ಯಾಸೆಂಜರು."

ಮೇಡಂ ಗಿಡವನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಹಾಫ್ ಟಿಕೆಟ್ ಕೊಡು. ಇನ್ನೂ ಸ್ಕೂಲಿಗೆ ಸೇರಿಲ್ಲ" ಅಂದರು.

ಬಸ್ಸಿಗೆ ಬಸ್ಸೇ ನಕ್ಕಿತು. ನಕ್ಕವರಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರು, ಒಬ್ಬರು ಕಿರಾಣಿ ಅಂಗಡಿಯವರು. ಇಬ್ಬರೂ ಇದೇ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದವರು. ಗುಲಾಬಿಯ ಮಾತು ಶುರುವಾಗಿ ಮಲವಗೊಪ್ಪ ಬರುವಷ್ಟರಲ್ಲಿ ಮೇಡಂ ಅಧ್ಯಕ್ಷೆ, ಮ್ಯಾನೇಜರು ಕಾರ್ಯದರ್ಶಿ, ಅಂಗಡಿಯವರು ಖಜಾಂಚಿ. ಇಳಿಯುವಾಗ ಕಂಡಕ್ಟರು ತಾನೇ ಗಿಡವನ್ನು ಎತ್ತಿ ಕೆಳಗಿಳಿಸಿ, "ಮಗು ಹುಷಾರಮ್ಮ" ಅಂದನಂತೆ.

ಟಿಕೆಟ್ ಮಾತ್ರ ಫುಲ್ಲೇ ಹರಿದಿದ್ದ.

ಕೊಡೆಯ ಕಡ್ಡಿ

ನಾನು ಸಂಘಕ್ಕೆ ಸೇರಿದ್ದು ಬಹಳ ವರ್ಷ ಆದಮೇಲೆ, ಜಗಳ ಆಡಿ. ಬಡಾವಣೆಯ ಒಂದು ಮನೆಗೆ ಇಂಟರ್‌ಲಾಕ್ ಹಾಕಿಸುತ್ತಿದ್ದೆ. ಮೇಡಂ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಹೋಗುವವರು ಗೇಟಿನ ಹತ್ತಿರ ನಿಂತರು.

"ಏನೋ, ಭೂಮಿಗೆ ಮುಚ್ಚಳ ಹಾಕ್ತಿದೀಯಾ?"

ನನಗೆ ರೇಗಿತು. "ಮೇಡಂ, ನಾನು ಹಳ್ಳಿಯವನು. ನಿಮ್ಮ ಸಂಘದವರೆಲ್ಲ ಸೇರಿ ಸಾಕಿರೋದಕ್ಕಿಂತ ಹೆಚ್ಚು ಗಿಡಾನ ನಾನು ಹಲ್ಲುಜ್ಜುತ್ತಾ ಬೆಳೆಸಿದೀನಿ. ಮುರಿದ ಕೊಡೆಯ ಕಡ್ಡಿ ನೆಟ್ರೂ ನನ್ನ ಕೈಯಲ್ಲಿ ಚಿಗುರುತ್ತೆ."

"ಹೌದಾ? ಭಾನುವಾರ ಸಭೆ ಇದೆ. ಬಾ."

ಬಾ ಅಂದ ಕಡೆ ಹೋಗದೆ ಇರೋ ಜಾಯಮಾನ ನಮ್ಮದಲ್ಲ. ಮೀಸೆ ತೀಡಿಕೊಂಡು ಹೋದೆ. ಮೇಡಂ ಮನೆಯ ಜಗುಲಿಯಲ್ಲಿ ಎಲ್ಲರೂ ಕೂತಿದ್ದಾರೆ. ಮಧ್ಯದಲ್ಲಿ ಒಂದು ಕುಂಡ. ಕುಂಡದ ತುಂಬ ಒಳ್ಳೇ ಕೆಮ್ಮಣ್ಣು, ಸಗಣಿ ಗೊಬ್ಬರ. ಅದರಲ್ಲಿ ನೆಟ್ಟಗೆ ಚುಚ್ಚಿದ ಕೊಡೆಯ ಕಡ್ಡಿ, ತುಕ್ಕು ಹಿಡಿದದ್ದು. ಕಡ್ಡಿಗೆ ದಾರದಲ್ಲಿ ಕಟ್ಟಿದ ಚೀಟಿಯಲ್ಲಿ ನನ್ನ ಹೆಸರು.

ಬೇರೆಯವನಾಗಿದ್ದರೆ ಓಡಿಹೋಗುತ್ತಿದ್ದ. ನಾನು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಣ್ಣು ಮುಟ್ಟಿ ನೋಡಿ, "ನೀರು ಜಾಸ್ತಿ ಆಯ್ತು" ಅಂದೆ. ಅವತ್ತೇ ನನ್ನನ್ನು ಮೆಂಬರ್ ಮಾಡಿಕೊಂಡರು. ಆಮೇಲೆ ಪ್ರತಿ ಸಭೆಯ ಶುರುವಿಗೂ ಮೇಡಂ ಕೇಳೋರು: "ಚಿಗುರಿತೇನೋ?"

"ಈಗ ಬಿಸಿಲು ಮೇಡಂ. ಮಳೆ ಬರಲಿ."

ಕಾರ್ಯದರ್ಶಿಗಳು ತಲೆಯಾಡಿಸೋರು. "ಹೌದು ಮತ್ತೆ. ಕೊಡೆ ಅರಳೋದು ಮಳೆಗಾಲದಲ್ಲೇ."

ಕರಿಬೇವು ಮತ್ತು ಪೊಲೀಸು

ಈಗ ದೋಚುವ ವಿಷಯಕ್ಕೆ ಬರ್ತೀನಿ. ಕದ್ದ ಗಿಡ ಚೆನ್ನಾಗಿ ಬರುತ್ತೆ, ಕೇಳಿ ತಂದದ್ದು ಬರಲ್ಲ ಅಂತ ಹೆಂಗಸರು ಹೇಳೋದು ನೀವೂ ಕೇಳಿರ್ತೀರಿ. ನಮ್ಮ ಸಂಘದಲ್ಲಿ ಇದರಿಂದ ದೊಡ್ಡ ತಾಪತ್ರಯ ಆಗಿತ್ತಂತೆ. ಸಂಘ ಇರೋದೇ ಗಿಡ ಹಂಚಿಕೊಳ್ಳೋಕೆ. ಕೊಟ್ಟರೆ ಬದುಕಲ್ಲ, ಕದಿಯೋಣ ಅಂದರೆ ಎಲ್ಲರೂ ಮರ್ಯಾದಸ್ಥರು. ಕೊನೆಗೆ ಮೇಡಂ ಒಂದು ದಾರಿ ಹುಡುಕಿದರು. ಮುಂಗಾರು ಹಿಡಿದ ಮೇಲೆ ಒಂದು ಭಾನುವಾರ, ಬೆಳಗ್ಗೆ, ಎಲ್ಲರೂ ಗೇಟು ತೆಗೆದಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಟೀವಿ ಜೋರಾಗಿ ಹಾಕಬೇಕು. ಒಬ್ಬರಾದ ಮೇಲೆ ಒಬ್ಬರು ಹೋಗಿ ಕದ್ದು ಬರಬೇಕು. ಅದಕ್ಕೆ ಕಳ್ಳರ ಭಾನುವಾರ ಅಂತ ಹೆಸರು.

ನಿಯಮ ಎರಡೇ. ಕಳ್ಳ ಕೇಳಬಾರದು. ಮನೆಯವರು, ಕಂಡರೂ, ಕದ್ದ ಗಿಡದ ಮಾತನ್ನು ಕಳ್ಳನ ಹತ್ತಿರ ಯಾವತ್ತೂ ಎತ್ತಬಾರದು. ಕಳ್ಳ ತಾನಾಗಿ ಬಾಯಿ ಬಿಟ್ಟರೆ ಮಾತ್ರ ಮಾಫಿ. ಈ ಎರಡನೇ ನಿಯಮ ನೆನಪಿಟ್ಟುಕೊಳ್ಳಿ. ನನ್ನನ್ನು ಮುಳುಗಿಸಿದ್ದು ಅದೇ.

ಒಂದು ವರ್ಷ ಏನಾಯ್ತು, ಬಡಾವಣೆಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ಯಾರೂ ವಿಷಯ ಹೇಳಿರಲಿಲ್ಲ. ಆತ ಮಹಡಿಯಿಂದ ನೋಡ್ತಾನೆ: ಬಿಳಿ ಪಂಚೆಯ ಮುದುಕರೊಬ್ಬರು ಎದುರುಮನೆ ಕಾಂಪೌಂಡಿನೊಳಗೆ ಬಗ್ಗಿಕೊಂಡು ಹೋಗಿ, ಸೊಂಟಕ್ಕೆ ಏನೋ ಸಿಕ್ಕಿಸಿಕೊಂಡು ಹೊರಗೆ ಬರ್ತಿದಾರೆ. ಆ ಮನೆಯ ಮಾಲೀಕರು ಈ ಮುದುಕರ ಮನೆಯಿಂದ ಏನೋ ಎತ್ತಿಕೊಂಡು ಎದುರಿಗೆ ಬರ್ತಿದಾರೆ. ದಾರಿಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನಮಸ್ಕಾರ ಬೇರೆ ಮಾಡಿಕೊಂಡರು. ಆತ ಗಾಬರಿಯಾಗಿ ಪೊಲೀಸಿಗೆ ಫೋನ್ ಮಾಡಿದ.

ಕಾನ್‌ಸ್ಟೇಬಲ್ ಬೈಕಿನಲ್ಲಿ ಬಂದ. ಬಂದವನೇ ಕಾರ್ಯದರ್ಶಿಗಳನ್ನು ಕರಿಬೇವಿನ ಸಸಿ ಸಮೇತ ಹಿಡಿದ.

"ಏನ್ರೀ ಇದು ಈ ವಯಸ್ಸಲ್ಲಿ?"

"ಕದ್ದದ್ದು ಸಾರ್."

"ಯಾರ ಮನೇದು?"

"ಅದನ್ನ ಹೇಳೋ ಹಾಗಿಲ್ಲ. ನಿಯಮ."

ಅಷ್ಟರಲ್ಲಿ ಮೇಡಂ ಬಂದು ಎಲ್ಲ ವಿವರಿಸಿದರು. ಕಾನ್‌ಸ್ಟೇಬಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆ ಕರಿಬೇವಿನ ಸಸಿಯನ್ನೇ ನೋಡ್ತಾ ನಿಂತ. ಆಮೇಲೆ ಮೆಲ್ಲಗೆ, "ನಮ್ಮ ಮನೇಲಿ ಮೂರು ಸಲ ತಂದು ಹಾಕಿದ್ವಿ ಮೇಡಂ, ಒಂದೂ ಬರಲಿಲ್ಲ. ಎಲ್ಲ ಕೇಳಿ ತಂದದ್ದು" ಅಂದ.

"ಹಾಗಾದ್ರೆ?"

"ಸ್ವಲ್ಪ ನೀವೆಲ್ಲ ಆ ಕಡೆ ತಿರುಗಿ."

ಏಳೆಲೆ

ನಾನು ಮೆಂಬರ್ ಆದ ಮೇಲಿನ ಮೊದಲ ಕಳ್ಳರ ಭಾನುವಾರ ನನ್ನ ಕಣ್ಣು ಎಲ್ಲಿತ್ತು ಅಂತ ಹೇಳಬೇಕಾ? ಮೇಡಂ ಮನೆಯ ಗುಲಾಬಿ. ಬಡಾವಣೆಯಲ್ಲಿ ಯಾರು ಕಡ್ಡಿ ಕದ್ದರೂ ಅದು ಬದುಕಿರಲಿಲ್ಲ. ಕಾರ್ಯದರ್ಶಿಗಳು ಕದ್ದದ್ದು ಒಣಗಿತು, ಖಜಾಂಚಿಗಳು ಕದ್ದದ್ದು ಕೊಳೆಯಿತು. ಪೇಟೆಯವರ ಕೈ, ಇನ್ನೇನಾಗುತ್ತೆ? ಇದನ್ನು ನಾನು ಬದುಕಿಸಿ ತೋರಿಸಬೇಕು. ಕಲ್ಲು ಹಾಕೋನು ಅಂತ ನಕ್ಕ ಬಾಯಿಗಳೆದುರು ಆ ಕೆಂಪು ಹೂವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ನಡೀಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಗಿಡದ ಮುಂದೆ ನಿಂತು ನೋಡಿದೆ. ಮೇಲಿನ ಕೊಂಬೆಗಳು ಬಡಕಲು, ಮೈತುಂಬ ಮುಳ್ಳು. ಬುಡದಿಂದ ಮಾತ್ರ ಒಂದು ಕೊಂಬೆ ಸೊಗಸಾಗಿ ಎದ್ದಿತ್ತು. ಹಚ್ಚ ಹಸಿರು, ಹೆಬ್ಬೆರಳ ದಪ್ಪ, ನೆಟ್ಟಗೆ ನಮ್ಮೂರ ಪೈಲ್ವಾನನ ಹಾಗೆ. ಇದನ್ನು ಬಿಟ್ಟು ಆ ಬಡಕಲನ್ನು ಕದ್ದರಲ್ಲ ಈ ಪೇಟೆ ಜನ ಅಂತ ಮರುಕಪಟ್ಟು, ಬುಡದ ಕೊಂಬೆಯನ್ನೇ ಕತ್ತರಿಸಿಕೊಂಡು ಬಂದೆ. ಬಾಡಿಗೆ ಮನೆ, ನೆಲ ಇಲ್ಲ. ನೀಲಿ ಡ್ರಮ್ಮು ಕೊಯ್ದು ಅದರಲ್ಲಿ ನೆಟ್ಟೆ.

ಬಂತು ನೋಡಿ! ಒಂದೇ ಮಳೆಗಾಲದಲ್ಲಿ ಕಿಟಕಿ ದಾಟಿತು. ಮುಂದಿನ ವರ್ಷ ಸಜ್ಜಾ ಮುಟ್ಟಿತು. ಮುಳ್ಳೇ ಇಲ್ಲ, ನನ್ನ ಕೈಗುಣಕ್ಕೆ ಹೆದರಿ ಬಿಟ್ಟಿರಬೇಕು. ಬೇರೆಯವರ ಗುಲಾಬಿಗೆ ಒಂದು ತೊಟ್ಟಿಗೆ ಐದೆಲೆ, ನನ್ನದಕ್ಕೆ ಏಳು! ಹೂವು ಒಂದು ಬಂದಿರಲಿಲ್ಲ, ಅಷ್ಟೇ. ಇರಲಿ ಅಂತ ಪ್ರತಿ ವರ್ಷದ ಕಳ್ಳರ ಭಾನುವಾರಕ್ಕೂ ಹೋಗಿ ಅದೇ ಬುಡದಿಂದ ಮತ್ತೆ ಎದ್ದ ಕೊಂಬೆಯನ್ನೇ ಕದ್ದು ತಂದು ಅದೇ ಡ್ರಮ್ಮಿಗೆ ಸೇರಿಸುತ್ತಿದ್ದೆ. ಅಣ್ಣತಮ್ಮಂದಿರ ಜೊತೆ ಇದ್ದರಾದರೂ ಹೂ ಬಿಟ್ಟೀತು ಅಂತ.

ಸಭೆಯಲ್ಲಿ ಸುಮ್ಮನಿರೋಕಾಗುತ್ತಾ? "ನಮ್ಮನೇಲಿ ಒಂದು ಗಿಡ ಇದೆ" ಅಂತ ಶುರು ಮಾಡ್ತಿದ್ದೆ. "ಯಾವುದು, ಎಲ್ಲಿಯದು ಅಂತ ಹೇಳಲ್ಲ, ನಿಯಮ. ಸಜ್ಜಾ ಮುಟ್ಟಿದೆ. ಏಳೇಳೆಲೆ."

ಕಾರ್ಯದರ್ಶಿಗಳಿಗೆ ಕೆಮ್ಮು ಬರೋದು. ಖಜಾಂಚಿಗಳು ಚಪ್ಪಲಿ ಹುಡುಕೋರು. ಮೇಡಂ ಏನೋ ಹೇಳೋಕೆ ಬಾಯಿ ತೆಗೆದು, ಹಾಗೇ ಮುಚ್ಚಿಕೊಂಡು, "ಕಾಫಿ ತಗೋತೀಯೇನೋ" ಅನ್ನೋರು.

ಹೊಟ್ಟೆಕಿಚ್ಚು ಅಂತ ನಾನು ತಿಳಕೊಂಡಿದ್ದೆ. ಎರಡೆರಡು ಲೋಟ ಕಾಫಿ ಕುಡೀತಿದ್ದೆ.

ದಾರಿಯಲ್ಲಿರುವ ಹೂವು

ಸಂಘದಿಂದ ಒಂದು ಸಲ ಫಲಪುಷ್ಪ ಪ್ರದರ್ಶನ ಮಾಡಿದ್ವಿ. ಗಣಪತಿ ಕೂರಿಸುವ ಪೆಂಡಾಲನ್ನೇ ನಾಲ್ಕು ದಿನ ಜಾಸ್ತಿ ಇಟ್ಟುಕೊಂಡು. ಮಕ್ಕಳಿಗೆ ಚಿತ್ರ ಬರೆಯೋದು, ಹೆಂಗಸರಿಗೆ ಹೂ ಕಟ್ಟುವ ಸ್ಪರ್ಧೆ, ಎಲ್ಲ ಇತ್ತು. ತೀರ್ಪು ಕೊಡೋಕೆ ತೋಟಗಾರಿಕೆ ಓದಿದ ಒಬ್ಬರನ್ನು ಶಿವಮೊಗ್ಗದಿಂದ ಕರೆಸಿದ್ದರು.

ನಾನು ಡ್ರಮ್ಮನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಪೆಂಡಾಲಿನ ಬಾಗಿಲಲ್ಲಿ ಗಿಡ ಹಿಡಿಸಲಿಲ್ಲ. ತೋರಣ ಬಿಚ್ಚಿಸಿ ಒಳಗೆ ತಂದೆ. ಗುಲಾಬಿಗಳ ಸಾಲಿನಲ್ಲಿ ನಡುಮಧ್ಯ ಇಟ್ಟು ಪಕ್ಕದಲ್ಲಿ ಎದೆಯುಬ್ಬಿಸಿ ನಿಂತೆ.

ತೀರ್ಪುಗಾರರು ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು, ಸುತ್ತ ಬಂದರು.

"ಯಾವ ವಿಭಾಗಕ್ಕಪ್ಪ ಇದು?"

"ಗುಲಾಬಿ ಸಾರ್."

"ಹೂವೆಲ್ಲಿ?"

"ದಾರೀಲಿದೆ ಸಾರ್."

ಅವರು ಮೇಡಂ ಮುಖ ನೋಡಿದರು. ಮೇಡಂ ಪೆಂಡಾಲಿನ ಬಟ್ಟೆ ನೋಡಿದರು. ಆ ನೋಟ ಈಗ ನೆನೆಸಿಕೊಂಡರೆ ನನಗೆ ಅರ್ಥ ಆಗುತ್ತೆ. ಅವತ್ತು ಅದನ್ನು ಗೌರವ ಅಂದುಕೊಂಡೆ. ತೀರ್ಪುಗಾರರು ಏನೋ ಯೋಚನೆ ಮಾಡಿ ನನ್ನ ಡ್ರಮ್ಮನ್ನು ಬೇಲಿ ಗಿಡಗಳ ವಿಭಾಗಕ್ಕೆ ಕಳಿಸಿದರು. ಆ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ನಾನೊಬ್ಬನೇ.

ಎರಡನೇ ಬಹುಮಾನ ಕೊಟ್ಟರು.

ಠರಾವು

ಆಮೇಲೆ ಸಂಘ ಸೊರಗಲು ಶುರುವಾಯಿತು. ಯಾರ ತಪ್ಪೂ ಅಲ್ಲ. ಒಬ್ಬರ ಮನೆಗೆ ಎರಡನೇ ಕಾರು ಬಂತು. ಒಬ್ಬರಿಗೆ ಮಣ್ಣು ಮೆಟ್ಟಿಕೊಂಡು ಒಳಗೆ ಬರುವ ಮೊಮ್ಮಕ್ಕಳ ಕಾಟ. ಒಬ್ಬರಿಗೆ ಹಾವಿನ ಭಯ, ಹಾವನ್ನು ಮಾತ್ರ ಯಾರೂ ನೋಡಿರಲಿಲ್ಲ. ಎಲ್ಲರ ಕಾಯಿಲೆಗೂ ಔಷಧಿ ಒಂದೇ: ಇಂಟರ್‌ಲಾಕ್. ಹಾಕುವವನೂ ಒಬ್ಬನೇ, ನಾನು. ನನ್ನ ಕೆಲಸ ನೋಡಿದವರು ಬೇರೆಯವನ ಹತ್ತಿರ ಹೋಗಲ್ಲ, ಅದೊಂದು ಕರ್ಮ.

ಮೇಡಂಗೆ ಸಿಟ್ಟು ಬಂತು. ತುರ್ತು ಸಭೆ ಕರೆದರು. "ನಮ್ಮ ಸಂಘದ ಯಾವ ಸದಸ್ಯರೂ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸತಕ್ಕದ್ದಲ್ಲ" ಅಂತ ಠರಾವು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಎತ್ತದೆ ಇದ್ದರೆ ಮೇಡಂ ಕಣ್ಣಿಗೆ ಬೀಳ್ತಿದ್ದೆ.

ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಖಜಾಂಚಿಗಳು ನನ್ನ ತೋಳು ಹಿಡಿದು ಬಾಳೆಗಿಡದ ಮರೆಗೆ ಕರಕೊಂಡು ಹೋದರು. "ಏನಿಲ್ಲ, ನಮ್ಮನೆ ಮುಂದಿನ ಜಾಗ ಒಂಚೂರು ಅಳತೆ ತಗೋ ಮಾರಾಯ. ಯಾರಿಗೂ ಹೇಳಬೇಡ."

ಅಲ್ಲಿಂದ ಹೊರಟು ಗೇಟಿನ ಹತ್ತಿರ ಬಂದೆ. ಕಾರ್ಯದರ್ಶಿಗಳು ಸ್ಕೂಟರಿನ ಪಕ್ಕ ನಿಂತಿದ್ದರು. "ಖಜಾಂಚಿ ಏನು ಕೇಳಿದ?"

"ಏನಿಲ್ಲ ಸಾರ್."

"ಗೊತ್ತು. ಅವನಿಗೆ ಹಾಕೋ ಕಲ್ಲಿಗಿಂತ ಒಳ್ಳೇದು ನನಗೆ ಹಾಕು."

ಎಲೆ ಉದುರದ ಗಿಡ

ಆ ವರ್ಷ ಕಳ್ಳರ ಭಾನುವಾರ ನಡೆಯಿತು, ಕದಿಯೋಕೆ ಮಾತ್ರ ಏನೂ ಇರಲಿಲ್ಲ. ಗೇಟು ತೆಗೆದು ಒಳಗೆ ಹೋದರೆ ಬರೀ ಕಲ್ಲು, ನನ್ನದೇ ಕಲ್ಲು. ಟೀವಿಗಳು ಮಾತ್ರ ಎಲ್ಲ ಮನೆಯಲ್ಲೂ ಜೋರಾಗಿ ಕೂಗ್ತಿದ್ದವು.

ಕಾರ್ಯದರ್ಶಿಗಳು ಬರಿಗೈಲಿ ವಾಪಸ್ಸು ಬರೋರಲ್ಲ. ಖಜಾಂಚಿಗಳ ಹೊಸ ಇಂಟರ್‌ಲಾಕಿನ ಮೂಲೆಯಲ್ಲಿದ್ದ ಒಂದು ಸಣ್ಣ ಕುಂಡವನ್ನೇ ಎತ್ತಿಕೊಂಡು ಬಂದರು. ಹೊಳೆಯುವ ದಪ್ಪ ಎಲೆ. ದಿನಾ ನೀರು ಹಾಕಿದರು. ವಾರಕ್ಕೊಮ್ಮೆ ಗೊಬ್ಬರ. ಸಭೆಯಲ್ಲಿ, "ಏನು ಗಟ್ಟಿ ಗಿಡ ಅಂತೀರಿ, ಒಂದು ಎಲೆ ಉದುರಿಲ್ಲ, ಒಂದು ಹುಳ ಬಿದ್ದಿಲ್ಲ" ಅಂತ ಹೇಳೋರು. ಖಜಾಂಚಿಗಳು ನೆಲ ನೋಡ್ಕೊಂಡು ಕೂತಿರೋರು. ಪಾಪ, ಹೇಳೋ ಹಾಗಿಲ್ಲ.

ದೀಪಾವಳಿ ಹೊತ್ತಿಗೆ ಕಾರ್ಯದರ್ಶಿಗಳ ಹೆಂಡತಿ ಮನೆ ತೊಳೆಯುವಾಗ ಆ ಗಿಡಕ್ಕೂ ಸೋಪು ಹಾಕಿ ಬ್ರಷ್ಷಲ್ಲಿ ಉಜ್ಜಿದರು. ಆಗ ಗೊತ್ತಾಯ್ತು, ಪ್ಲಾಸ್ಟಿಕ್ಕು.

ನಾನು ನಕ್ಕಿದ್ದೇ ನಕ್ಕಿದ್ದು. ಸಭೆಯಲ್ಲಿ ಕುರ್ಚಿಯಿಂದ ಜಾರಿ ಬಿದ್ದೆ. "ಅಲ್ಲ ಸಾರ್, ಇಷ್ಟು ತಿಂಗಳು ಎದುರಿಗೇ ಇಟ್ಕೊಂಡು ಗಿಡ ಯಾವುದು ಅಂತ ಗೊತ್ತಾಗಲಿಲ್ವಾ? ನಮ್ಮೂರ ಕರೂಗಾದ್ರೂ ಗೊತ್ತಾಗ್ತಿತ್ತು!"

ಬೇರೆ ಯಾರೂ ನಗಲಿಲ್ಲ. ಎಲ್ಲರೂ ನನ್ನನ್ನೇ ನೋಡ್ತಿದ್ದರು.

ಸಂಘದ ಕೊನೆಯ ಸಭೆ ಅದು. ಮುಂದಿನ ಸಭೆಗೆ ಮೇಡಂ ಒಬ್ಬರೇ ಕೂತಿದ್ದರಂತೆ. ನಾನು ಭದ್ರಾವತಿಯಲ್ಲಿ ಒಂದು ದೊಡ್ಡ ಮನೆಗೆ ಕಲ್ಲು ಹಾಕಿಸ್ತಾ ಇದ್ದೆ, ಹೋಗಲಿಲ್ಲ. ಒಂದು ಲೋಟ ಕಾಫಿ ಕುಡಿದು ಬರಬಹುದಿತ್ತು. ಕಲ್ಲೇನು ಓಡಿಹೋಗ್ತಿತ್ತಾ?

ಕೈ ಚಾಚು

ಹೋದ ವರ್ಷ ಮಳೆ ಕಡಿಮೆಯಾದ ಮೇಲೆ ಮೇಡಂ ಫೋನ್ ಮಾಡಿದರು. "ಮುಚ್ಚಳದೋನೇ, ನಮ್ಮ ಅಂಗಳಕ್ಕೂ ಮುಚ್ಚಳ ಹಾಕು ಬಾ."

ತಮಾಷೆ ಅಂದುಕೊಂಡು ಹೋದೆ. ಮೇಡಂ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ವಾಕರ್. ಪಾಚಿಯ ಮೇಲೆ ಜಾರಿ ಬಿದ್ದಿದ್ದರಂತೆ. ಮಂಡಿ ಆಪರೇಷನ್ ಆಗಿತ್ತು. ಮಣ್ಣಿನ ಮೇಲೆ ಕಾಲಿಡಕೂಡದು, ಸಮತಟ್ಟು ನೆಲದಲ್ಲೇ ನಡೀಬೇಕು ಅಂತ ಡಾಕ್ಟರು ಹೇಳಿದ್ದರು.

ಟೇಪು ಹಿಡಿದು ಅಳೆಯೋಕೆ ನಿಂತೆ. ಎಷ್ಟೋ ಅಂಗಳ ಅಳೆದ ಟೇಪು ಅದು, ಅವತ್ತು ಎರಡೆರಡು ಸಲ ಅಳೆದರೂ ಲೆಕ್ಕ ಹತ್ತಲಿಲ್ಲ. "ಮೇಡಂ, ಎಲ್ಲ ಹಾಕೋದು ಬೇಡ. ಗುಲಾಬಿ ಸುತ್ತ ಒಂದು ಚೌಕ ಬಿಡ್ತೀನಿ."

"ಬೇಡ. ಆ ಚೌಕಕ್ಕೇ ವಾಕರ್ ಸಿಕ್ಕಿ ನಾನು ಬಿದ್ರೆ, ಗುಲಾಬಿ ಬಂದು ಎತ್ತುತ್ತಾ? ಅದಕ್ಕೂ ವಯಸ್ಸಾಯ್ತು ಬಿಡೋ. ಬುಡಕ್ಕೆ ಗೆದ್ದಲು ಹಿಡಿದಿದೆ. ಒಂದು ಕೊಂಬೆ ಉಳಿದಿದೆ ಅಷ್ಟೇ."

ಹೋಗಿ ನೋಡಿದೆ. ನಿಜ. ಮೇಲೆ ಒಂದೇ ಕೊಂಬೆ, ಅದರ ತುದಿಯಲ್ಲಿ ಒಂದೇ ಹೂವು. ಅದೇ ಕುಲುಮೆ ಕೆಂಪು. ಮೇಡಂ ಮುಖ ನೋಡೋಕಾಗದೆ, ಸಮಾಧಾನ ಹೇಳೋಣ ಅಂತ, ಇಷ್ಟು ವರ್ಷ ಬಿಡದ ಬಾಯನ್ನು ಬಿಟ್ಟೆ.

"ಚಿಂತೆ ಮಾಡಬೇಡಿ ಮೇಡಂ. ಇದರ ಮಗು ನಮ್ಮನೇಲಿದೆ. ನಾನೇ ಕದ್ದದ್ದು. ಸಜ್ಜಾ ದಾಟಿದೆ."

ಮೇಡಂ ಒಂದು ನಿಮಿಷ ನನ್ನನ್ನು ನೋಡಿದರು. ಆಮೇಲೆ ನಗೋಕೆ ಶುರು ಮಾಡಿದರು. ಮಂಡಿ ಹಿಡ್ಕೊಂಡು, ಕನ್ನಡಕ ತೆಗೆದು, ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಅಯ್ಯೋ ಮಾರಾಯ! ಕೊನೆಗೂ ಬಾಯಿ ಬಿಟ್ಯಲ್ಲ! ಇನ್ನು ನಾನೂ ಹೇಳಬಹುದು."

"ಏನು?"

"ಅದು ಗುಲಾಬಿ ಅಲ್ಲ ಕಣೋ. ಬೇಲಿ."

ನನಗೆ ತಿಳಿಯಲಿಲ್ಲ. ಅವರು ಹತ್ತಿರ ಕೂರಿಸಿಕೊಂಡು, ಪಾಠ ಹೇಳುವ ಹಾಗೆ ಹೇಳಿದರು. ಕಸಿ ಗಿಡ ಅಂದರೆ ಎರಡು ಗಿಡ. ಕೆಳಗೆ ಬೇರಿಗೆ ಬೇಲಿಗೆ ನೆಡುವಂಥ ಕಾಡು ಗಿಡ, ಅದರ ಮೇಲೆ ಗುಲಾಬಿಯ ಕಣ್ಣು, ಅಂದರೆ ಚಿಗುರೊಡೆಯುವ ಮೊಳಕೆ, ಕೂರಿಸಿರ್ತಾರೆ. ಕಸಿಯ ಗಂಟಿನಿಂದ ಕೆಳಗೆ ಏನು ಎದ್ದರೂ ಅದು ಕಾಡಿನದು. ದಪ್ಪಗೆ ಬರುತ್ತೆ, ಬೇಗ ಬರುತ್ತೆ, ಏಳೆಲೆ ಬಿಡುತ್ತೆ. ಗುಲಾಬಿ ಬಿಡಲ್ಲ.

"ಅದನ್ನ ನಾವೇ ಕತ್ತರಿಸಿ ಎಸೀಬೇಕು. ಬಿಟ್ಟರೆ ಗುಲಾಬೀನ ತಿಂದುಹಾಕುತ್ತೆ. ನೀನು ಪ್ರತಿ ವರ್ಷ ಬಂದು ಶ್ರದ್ಧೆಯಿಂದ ಅದನ್ನೇ ಕದ್ದುಕೊಂಡು ಹೋಗೋದು ಕಿಟಕಿಯಿಂದ ನೋಡ್ತಿದ್ದೆ. ನಮಗೊಂದು ಆಳಿನ ಕೆಲಸ ಉಳೀತಿತ್ತು."

"ಎಲ್ಲರಿಗೂ ಗೊತ್ತಿತ್ತಾ?"

"ಜಡ್ಜಿಗೂ ಗೊತ್ತಿತ್ತು. ಬೇಲಿ ವಿಭಾಗ ಅಂತ ಯಾಕೆ ಕಳಿಸಿದ್ರು ಅಂದ್ಕೊಂಡೆ? ಮೊದಲನೇ ಬಹುಮಾನ ಕೊಡೋಕೆ ಅವರಿಗೂ ನಾಚಿಕೆ ಆಯ್ತಂತೆ."

"ಒಂದು ಮಾತು ಹೇಳಬಾರದಿತ್ತಾ ಮೇಡಂ?"

"ನಿಯಮ ಮಾಡಿದವಳೇ ನಾನು. ನೀನು ಏಳೇಳೆಲೆ ಅಂದಾಗೆಲ್ಲ ನಾಲಿಗೆ ಕಚ್ಚಿಕೊಂಡು ಕಾಫಿ ಕೊಟ್ಟಿದೀನಿ."

"ಕೇಳಿದ್ದರೆ ಕೊಡ್ತಿದ್ರಾ?"

ಮೇಡಂ ನಗು ನಿಲ್ಲಿಸಿದರು. "ಕೇಳಿದ್ರೆ ಅವತ್ತೇ ಕೊಡ್ತಿದ್ದೆ. ಯಜಮಾನರು ಯಾರು ಕೇಳಿದ್ರೂ ಇಲ್ಲ ಅಂದವರಲ್ಲ. ಸಂಘದಲ್ಲಿ ಕೇಳೋರೇ ಇರಲಿಲ್ವಲ್ಲೋ, ಎಲ್ಲರೂ ಕಳ್ಳರು."

ಹಳ್ಳಿಯವನು, ಮಾತಿಗೆ ಸೋತವನಲ್ಲ. ಅವತ್ತು ಟೇಪು ಸುತ್ತಿ ಜೇಬಿಗಿಟ್ಟೆ. ಎಷ್ಟು ಮಳೆಗಾಲ ಆ ಗಿಡದ ಮುಂದೆ ಬಗ್ಗಿದ್ದೆ, ಬಾಗಿಲು ಅಲ್ಲೇ ಇತ್ತು, ತಟ್ಟಿದ್ದರೆ ಆಗ್ತಿತ್ತು.

"ಹೋಗು, ಆ ನಿನ್ನ ಬೇಲೀನ ತಗೊಂಡು ಬಾ" ಅಂದರು.

ಡ್ರಮ್ಮು ಲಗೇಜ್ ಆಟೋದಲ್ಲಿ ಬಂತು. ಮೇಡಂ ಕುರ್ಚಿಯಲ್ಲಿ ಕೂತೇ ಗಿಡವನ್ನು ತಡವಿ ನೋಡಿದರು. "ಬೇರು ಮಾತ್ರ ಒಳ್ಳೆ ಗಟ್ಟಿ ಮಾಡಿದೀಯ ಕಣೋ. ಇಂಥದ್ದು ನರ್ಸರೀಲೂ ಸಿಗಲ್ಲ." ಇಷ್ಟು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಅದೊಂದೇ ಸಲ. ನಾನು ಮೀಸೆ ಮುಟ್ಟಲಿಲ್ಲ, ಆಣೆ.

ಯಜಮಾನರ ಸಣ್ಣ ಚಾಕು ಇತ್ತು. ನನ್ನ ಗಿಡದ ತೊಗಟೆಯಲ್ಲಿ ಒಂದು ಗೀರು ಹಾಕಿ ಬಿಡಿಸಿಟ್ಟರು. ಗುಲಾಬಿಯ ಉಳಿದ ಕೊಂಬೆಯನ್ನು ತರಿಸಿಕೊಂಡು, ಎಲೆಯ ತೊಟ್ಟಿನ ಬುಡದಲ್ಲಿದ್ದ ಒಂದು ಕಣ್ಣನ್ನು ತೊಗಟೆ ಸಮೇತ ಎತ್ತಿದರು.

"ಇದು ಹಿಡಿದ ಮೇಲೆ, ಮೇಲಿಂದೆಲ್ಲ ಕಡಿದುಹಾಕಬೇಕು."

"ಎಷ್ಟು ಮೇಡಂ?"

"ಪೂರ್ತಿ. ಸಜ್ಜಾ ಗಿಜ್ಜಾ ಎಲ್ಲ."

ಗಿಡದ ತುದಿಯನ್ನು ಒಂದು ಸಲ ತಲೆಯೆತ್ತಿ ನೋಡಿದೆ. "ಕೊಟ್ಟ ಗಿಡ ಬದುಕಲ್ಲ ಅಂತಾರಲ್ಲ ಮೇಡಂ. ಒಂದು ಕೆಲಸ ಮಾಡಿ, ನೀವು ಆ ಕಡೆ ತಿರುಗಿ. ಕದ್ದುಬಿಡ್ತೀನಿ."

"ಬೇಡ ಮಾರಾಯ! ನೀನು ಕದ್ದು ಉದ್ಧಾರ ಆಗಿದ್ದು ನೋಡಿದೀನಿ. ಸುಮ್ನೆ ಕೈ ಚಾಚು."

ಚಾಚಿದೆ. ಅದನ್ನು ಅಂಗೈ ಮೇಲಿಟ್ಟರು, ಎಲ್ಲಿ ಕೂರಿಸಬೇಕು ಅಂತ ತೋರಿಸಿದರು, ನನ್ನ ಕೈಯಲ್ಲೇ ಕೂರಿಸಿ ಕಟ್ಟಿಸಿದರು. ಮಾರನೇ ದಿನ ಅಂಗಳಕ್ಕೆ ಕಲ್ಲು ಹಾಕಿದೆ. ಚೌಕ ಬಿಡಲಿಲ್ಲ. ಕಲ್ಲು ಹಾಕಿದ ಕಡೆಯೆಲ್ಲ ನೆಡುವ ನನ್ನ ಬೋರ್ಡನ್ನು ಅಲ್ಲಿ ಮಾತ್ರ ನೆಡಲಿಲ್ಲ.

ಸಜ್ಜಾ ದಾಟಿದ್ದೆಲ್ಲ ಕಡಿದಾಯ್ತು. ಡ್ರಮ್ಮಿನಲ್ಲಿ ಮೊಣಕಾಲೆತ್ತರದ ಒಂದು ಮೋಟು ನಿಂತಿದೆ, ಕಣ್ಣು ಕೂರಿಸಿದ ಜಾಗದಲ್ಲಿ ಕೆಂಪಗೆ ಒಂದು ಚಿಗುರು. ಎಣಿಸಿ ನೋಡಿದೀನಿ, ಐದೇ ಎಲೆ.

ಆ ಸಂಘ ಕೊನೆಗೆ ನನಗೆ ಕೊಟ್ಟದ್ದು ಇಷ್ಟು: ಉಗುರಿನಷ್ಟು ತೊಗಟೆ, ಅದರ ಮೇಲೆ ಗುಲಾಬಿಯ ಒಂದು ಕಣ್ಣು.